ಜೆ. ರಾವ್ ಕೊಟ್ಟ ನಾಲ್ಕು ಅಂಕ

ಭಾವನಾಗೆ ಜೆ. ರಾವ್ ಮೇಲೆ ದೇವರ ಮೇಲಿದ್ದಷ್ಟೇ ನಂಬಿಕೆ. ತುಸು ಹೆಚ್ಚೇ ಇತ್ತೋ ಏನೋ. ದೇವರು ಪ್ರತಿ ತಿಂಗಳ ಹತ್ತನೇ ತಾರೀಖು ತಪ್ಪದೆ ಏನನ್ನಾದರೂ ಕಳಿಸಿದ್ದಾನೆ ಎಂದು ಯಾರೂ ಹೇಳಿದ್ದಿಲ್ಲ, ಜೆ. ರಾವ್ ಕಳಿಸುತ್ತಿದ್ದ. ಗೆರೆ ಎಳೆದ ಉದ್ದನೆಯ ಹಾಳೆ, ನೀಲಿ ಶಾಯಿ, ಒಂದು ಕಡೆಯೂ ಚಿತ್ತಿಲ್ಲದ ಇಂಗ್ಲಿಷು, ಕೊನೆಗೆ ಹತ್ತಕ್ಕೆ ಇಷ್ಟು ಎಂದು ಅಂಕ.

ಇದು 2002ರ ಮಾತು. ನುಂಗಂಬಾಕ್ಕಂನ ಹಳೇ ಕಟ್ಟಡವೊಂದರ ಎರಡನೇ ಮಹಡಿಯಿಂದ ‘ಕೀಬೋರ್ಡ್’ ಎಂಬ ಇಂಗ್ಲಿಷ್ ಮಾಸಪತ್ರಿಕೆ ಹೊರಡುತ್ತಿತ್ತು. ಭಾವನಾ ಅದರಲ್ಲಿ ಉಪಸಂಪಾದಕಿ. ವಯಸ್ಸು ಇಪ್ಪತ್ತಾರು, ಮನೆ ತಿರುವಲ್ಲಿಕೇಣಿ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಬೇರುಬಿಟ್ಟು, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಎಂದು ಬದುಕಿದ ಮಾಧ್ವರ ಮನೆತನ. ಪತ್ರಿಕೆಯ ಕೊನೆಯ ಎರಡು ಪುಟ ಅವಳ ಜಹಗೀರು. ಅಲ್ಲಿ ಬರುತ್ತಿದ್ದದ್ದು ಹೊಸ ಕಂಪ್ಯೂಟರ್ ಆಟಗಳ ವಿಮರ್ಶೆ. ಹುಡುಗರು ಪತ್ರಿಕೆಯನ್ನು ಹಿಂದಿನಿಂದ ಮುಂದಕ್ಕೆ ಓದುತ್ತಾರೆ ಎಂದು ಅವಳು ಕ್ಯಾಂಟೀನಿನಲ್ಲಿ ಜಂಬ ಕೊಚ್ಚಿಕೊಳ್ಳುವುದಿತ್ತು.

ಹಿಂದಿನ ವರ್ಷ ಆ ಜಂಬಕ್ಕೆ ಒಂದು ಏಟು ಬಿದ್ದಿತ್ತು. ಅನಿಕೇತ್ ಎಂಬ ವಿಮರ್ಶಕ ಒಂಬತ್ತು ಅಂಕ ಕೊಟ್ಟಿದ್ದ ಆಟವೊಂದನ್ನು ನಂಬಿ ಕೊಂಡ ಅಂಬತ್ತೂರಿನ ಮಹದೇವ ಎಂಬ ಓದುಗರು ಕಾಗದ ಬರೆದಿದ್ದರು. “ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದಳು ಎಂದು ಮಗಳಿಗೆ ಆ ಆಟ ತಂದುಕೊಟ್ಟೆ. ಎರಡನೇ ದಿನಕ್ಕೇ ಅವಳಿಗೆ ಸಾಕಾಗಿತ್ತು. ಆದರೆ ಅಪ್ಪನಿಗೆ ಬೇಜಾರಾಗಬಾರದು ಎಂದು ದಿನಾ ಅರ್ಧ ಗಂಟೆ ಖುಷಿಯಾಗಿ ಆಡುವ ಹಾಗೆ ನಟಿಸಿದಳು. ನನಗೆ ಗೊತ್ತಾದದ್ದು ತಿಂಗಳಾದ ಮೇಲೆ. ನಾವು ಯಾರ ಮಾತನ್ನು ನಂಬಬೇಕು ಮೇಡಂ?”

ಆ ಕಾಗದ ಓದಿ ಭಾವನಾಗೆ ಅಳು ಬಂದಿತ್ತು. ಸಂಪಾದಕ ವಿಷ್ಣುಮೂರ್ತಿಯವರು ಅಳುವವರಲ್ಲ. “ಇನ್ನೊಂದು ಸಲ ಹೀಗಾದ್ರೆ ಆ ಎರಡು ಪುಟ ಪ್ರಿಂಟರ್ ಜಾಹೀರಾತಿಗೆ ಹೋಗತ್ತೆ,” ಎಂದುಬಿಟ್ಟರು. ಪುಟ ಉಳಿಸಿಕೊಳ್ಳಲು ಭಾವನಾ ಓದುಗರಿಗೆ ಒಂದು ಮಾತು ಕೊಟ್ಟಳು. ಅಂದಿನಿಂದ ಪ್ರತಿ ತಿಂಗಳೂ ವಿಮರ್ಶೆಗಳ ಕೆಳಗೆ ದಪ್ಪ ಅಕ್ಷರದಲ್ಲಿ ಅದು ಅಚ್ಚಾಗುತ್ತಿತ್ತು: ಈ ಪುಟದ ಪ್ರತಿಯೊಂದು ವಿಮರ್ಶೆಯನ್ನೂ ಆ ಆಟವನ್ನು ಕೊನೆಯ ತನಕ ಆಡಿದವರೇ ಬರೆದಿದ್ದಾರೆ. ಕೆಳಗೆ ಅವಳದೇ ಹೆಸರು, ಭಾವನಾ ಮಧ್ವರಾಜ್.

ಈಗ ಆ ಮಾತಿಗೇ ಕುತ್ತು ಬಂದಿತ್ತು. ‘ಐರನ್ ಲಗೂನ್’ ಎಂಬ ಹೊಸ ಆಟದ ಸಿ.ಡಿ.ಯನ್ನು ಅವಳು ಇಬ್ಬರಿಗೂ ಕಳಿಸಿದ್ದಳು. ಅನಿಕೇತ್ ಒಂಬತ್ತು ಕೊಟ್ಟಿದ್ದ. ಜೆ. ರಾವ್ ನಾಲ್ಕು ಕೊಟ್ಟಿದ್ದ. “ಮೂರನೇ ಹಂತದಲ್ಲಿ ಆಟಗಾರನಿಗೆ ಬಾಯಾರಿಕೆಯಾಗುತ್ತದೆ. ನೀರು ಕುಡಿಯಲು ಎದ್ದವನು ಮತ್ತೆ ಬರುವುದಿಲ್ಲ,” ಎಂದು ಬರೆದಿದ್ದ. ಜೆ. ರಾವ್ ಬರೆಯುತ್ತಿದ್ದದ್ದೇ ಹೀಗೆ. ಚಿತ್ರ ಎಷ್ಟು ಚೆಂದ, ಸದ್ದು ಎಷ್ಟು ಜೋರು ಎಂದು ಕೊರೆಯುತ್ತಿರಲಿಲ್ಲ. ಎಲ್ಲಿ ಕಣ್ಣು ಹೊಳೆಯುತ್ತದೆ, ಎಲ್ಲಿ ಆಕಳಿಕೆ ಬರುತ್ತದೆ ಎಂದು ಹೇಳುತ್ತಿದ್ದ. ಎರಡು ವರ್ಷದಲ್ಲಿ ಅವನ ಅಂಕ ಒಮ್ಮೆಯೂ ಸುಳ್ಳಾಗಿರಲಿಲ್ಲ.

“ಒಬ್ಬರನ್ನ ಇಟ್ಕೋ, ಒಬ್ಬರನ್ನ ಬಿಡು,” ಎಂದರು ವಿಷ್ಣುಮೂರ್ತಿ. “ಮುಂದಿನ ಸಂಚಿಕೆಯಿಂದ ಒಬ್ಬರದೇ ಹೆಸರು, ಫೋಟೋ ಸಮೇತ. ಶುಕ್ರವಾರ ಸಾಯಂಕಾಲ ಪುಟ ಹೋಗಬೇಕು.”

“ಜೆ. ರಾವ್, ಸಾರ್. ಇದರಲ್ಲಿ ಯೋಚನೆ ಮಾಡೋಕೇನಿದೆ?”

“ಅವನ ಮುಖ ನೋಡಿದೀಯಾ?”

ನೋಡಿರಲಿಲ್ಲ. ಎರಡು ವರ್ಷದ ಹಿಂದೆ ಪತ್ರಿಕೆಯ ವಿಮರ್ಶೆಯೊಂದರಲ್ಲಿ ಹನ್ನೊಂದು ತಪ್ಪು ಹುಡುಕಿ ಯಾರೋ ಕಾಗದ ಬರೆದಿದ್ದರು. ಹಾಗಾದರೆ ನೀವೇ ಬರೆಯಿರಿ ಎಂದು ಇವಳು ಉತ್ತರ ಹಾಕಿದ್ದಳು, ಅಷ್ಟೇ ಪರಿಚಯ. ವಿಳಾಸ ಪುರಸೈವಾಕ್ಕಂನ ಒಂದು ಬ್ರೌಸಿಂಗ್ ಸೆಂಟರಿನದು. ಭಾವನಾ ಮನಸ್ಸಿನಲ್ಲೇ ಅವನನ್ನು ಚಿತ್ರಿಸಿಕೊಂಡಿದ್ದಳು: ಇಂಜಿನಿಯರಿಂಗ್ ಕೊನೇ ವರ್ಷ, ದಪ್ಪ ಕನ್ನಡಕ, ಮನೆಯಲ್ಲಿ ಕಂಪ್ಯೂಟರ್ ಕೊಳ್ಳಲಾಗದೆ ಸೆಂಟರಿನಲ್ಲಿ ಕೂತು ಆಡುವ ಪಾಪದ ಹುಡುಗ. ಅವನಿಗಾಗಿ ಸ್ವಲ್ಪ ಕರಗಿಯೂ ಇದ್ದಳೆಂದರೆ ಸುಳ್ಳಲ್ಲ.

ಗುರುವಾರ ಆಫೀಸಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟಳು. ಪುರಸೈವಾಕ್ಕಂನ ಜವಳಿ ಅಂಗಡಿಗಳ ಸಂದಣಿಯಲ್ಲಿ ನುಗ್ಗಿ, ಪಾತ್ರೆ ಅಂಗಡಿಯ ಪಕ್ಕದ ಸಂದಿನಲ್ಲಿ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ ಸೆಂಟರು. ಏಳು ಕಂಪ್ಯೂಟರ್, ಏಳು ಹುಡುಗರ ಬೆನ್ನು, ಗುಂಡಿನ ಸದ್ದು. ಅವರೆಲ್ಲರ ಹಿಂದೆ, ಬಾಗಿಲ ಹತ್ತಿರದ ಮೇಜಿನಲ್ಲಿ, ನೂಲಿನ ಸೀರೆ ಉಟ್ಟು ಹಣೆಗೆ ಅಕ್ಷತೆ ಇಟ್ಟ ಅರವತ್ತರ ಹತ್ತಿರದ ಹೆಂಗಸೊಬ್ಬರು ರಿಜಿಸ್ಟರ್ ತೆರೆದು ಕೂತಿದ್ದರು.

“ಯಾರ್ ವೇಣುಂ ಮಾ?” ಎಂದು ತಮಿಳಿನಲ್ಲಿ ಕೇಳಿದರು.

ಭಾವನಾ ತಮಿಳಿನಲ್ಲೇ ತನ್ನ ಹೆಸರು, ಪತ್ರಿಕೆಯ ಹೆಸರು ಹೇಳಿ, ಜೆ. ರಾವ್ ಅವರನ್ನು ನೋಡಬೇಕು ಎಂದಳು.

ಆ ಹೆಂಗಸಿನ ಮುಖ ಅರಳಿತು. “ಭಾವನಾ ಮಧ್ವರಾಜ್! ಹೆಸರು ನೋಡಿದಾಗಲೇ ನಮ್ಮವಳೇ ಇರ್ಬೇಕು ಅಂದ್ಕೊಂಡಿದ್ದೆ. ಬಾಮ್ಮಾ, ಉಟ್ಕಾರು, ಕೂತ್ಕೋ. ನಾನೇ ಜೆ. ರಾವ್. ಜಲಜಾ ರಾವ್.”

ಭಾವನಾ ನಕ್ಕಳು. ಯಾರಾದರೂ ನಗುವ ಮಾತೇ ಅದು. ಆದರೆ ಆಕೆ ನಗಲಿಲ್ಲ. ರಿಜಿಸ್ಟರಿನ ಅಂಚಿನಲ್ಲಿ ನೀಲಿ ಶಾಯಿಯ ಅದೇ ದುಂಡು ಅಕ್ಷರ ಕಂಡಾಗ ಭಾವನಾಳ ನಗು ಅಲ್ಲೇ ಒಣಗಿತು. ಎರಡು ವರ್ಷ ಕಾಪಾಡಿಕೊಂಡು ಬಂದಿದ್ದ ದಪ್ಪ ಕನ್ನಡಕದ ಹುಡುಗ ಕಣ್ಣೆದುರೇ ಮಾಯವಾಗಿದ್ದ. ಏನೋ ಒಂದು ಕೇಳಬೇಕಲ್ಲ ಎಂದು ಕೇಳಿದಳು, “ಮಾಮಿ, ನೀವು... ಯಾವ ಮಷೀನಲ್ಲಿ ಆಡ್ತೀರಿ?”

“ನಾನಾ? ನಾನ್ಯಾಕೆ ಆಡ್ಲಿ? ಇದುವರೆಗೂ ಒಂದೂ ಆಡಿಲ್ಲ ಕಣೇ. ಆ ಇಲೀನ ಹಿಡಿದ್ರೆ ನನಗೆ ಕೈ ನಡುಗತ್ತೆ.”

ಭಾವನಾಗೆ ತಾನು ಅಚ್ಚುಹಾಕಿಸಿದ ಮಾತು ನೆನಪಾಯಿತು. ಕೊನೆಯ ತನಕ ಆಡಿದವರೇ ಬರೆದಿದ್ದಾರೆ. ದಪ್ಪ ಅಕ್ಷರದಲ್ಲಿ, ಹನ್ನೊಂದು ತಿಂಗಳು, ಅವಳದೇ ಹೆಸರಿನ ಮೇಲೆ. ಕೊನೆಯ ತನಕ ಹಾಗಿರಲಿ, ಮೊದಲೇ ಇಲ್ಲ! ಭಾವನಾ ಗರಬಡಿದವಳ ಹಾಗೆ ಕುರ್ಚಿಯ ಅಂಚು ಹಿಡಿದು ಕೂತಳು. ಜಲಜಾ ಮಾತ್ರ ಹಬ್ಬದ ದಿನ ನೆಂಟಳು ಬಂದಷ್ಟು ಖುಷಿಯಲ್ಲಿ ಹೇಳುತ್ತಲೇ ಇದ್ದರು. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಟೀಚರಾಗಿದ್ದರಂತೆ. ನಿವೃತ್ತಿಯಾದ ಮೇಲೆ ತಮ್ಮನ ಮಗ ಈ ಸೆಂಟರ್ ಹಾಕಿ, ಅತ್ತೇ ಬಾಗಿಲಲ್ಲಿ ಕೂತಿರಿ ಎಂದನಂತೆ. ಬರುವ ಹೊತ್ತು, ಹೋಗುವ ಹೊತ್ತು ಬರೆದುಕೊಳ್ಳುವುದೇ ಕೆಲಸ.

“ಹೊತ್ತು ಬರೀತಾ ಬರೀತಾ ತಿಳೀತು ನೋಡು. ಯಾವ ಆಟಕ್ಕೆ ಕೂತೋನು ಹೊಟ್ಟೆ ಹಸಿವು ಮರೀತಾನೆ, ಯಾವುದಕ್ಕೆ ಕೂತೋನು ಗಡಿಯಾರ ನೋಡ್ತಾನೆ, ಯಾರು ನಾಳೆ ಮತ್ತೆ ಅದನ್ನೇ ಕೇಳ್ಕೊಂಡು ಬರ್ತಾನೆ. ಹೇಗಿತ್ತೋ ಅಂತ ಕೇಳಿದ್ರೆ ಎಲ್ಲರೂ ಸೂಪರ್ ಆಂಟಿ ಅಂತಾರೆ. ಅದನ್ನ ನಂಬೋದಿಲ್ಲ ನಾನು.”

“ಆದ್ರೆ ಆಡ್ದೇನೆ...” ಎಂದು ಭಾವನಾ ಶುರುಮಾಡುವಷ್ಟರಲ್ಲಿ ಜಲಜಾ ಗಡಿಯಾರ ನೋಡಿದರು.

“ಹನ್ನೆರಡೂವರೆ ಆಯ್ತು. ನೈವೇದ್ಯ ಆಗಿದೆ. ಊಟ ಮಾಡ್ಕೊಂಡು ಮಾತಾಡಣ. ಗುರುವಾರ ಬಂದಿದೀಯ, ಹಾಗೇ ಕಳ್ಸಕ್ಕಾಗತ್ತಾ?”

ಮನೆ ಸೆಂಟರಿನ ಹಿಂದೆಯೇ ಇತ್ತು. ಭಾವನಾ ಎಲೆಯ ಮುಂದೆ ಕೂತಳೇ ಹೊರತು ಮನಸ್ಸು ಅಲ್ಲಿರಲಿಲ್ಲ. ಎಲೆಯ ತುದಿಗೆ ಉಪ್ಪು, ಪಕ್ಕದಲ್ಲಿ ಕೋಸಂಬರಿ, ಬಿಸಿ ಅನ್ನ, ಬೂದುಗುಂಬಳದ ಹುಳಿ. ಮೊದಲ ತುತ್ತು ಬಾಯಿಗಿಟ್ಟಾಗ ಗೊತ್ತಾಯಿತು. ಹುಳಿಗೆ ಉಪ್ಪೇ ಬಿದ್ದಿರಲಿಲ್ಲ.

ಇದರಲ್ಲಿ ಆಶ್ಚರ್ಯವೇನಿಲ್ಲ. ದೇವರಿಗೆ ನೈವೇದ್ಯವಾಗುವ ಮುಂಚೆ ಅಡುಗೆ ಮಾಡಿದವರು ರುಚಿ ನೋಡುವ ಹಾಗಿಲ್ಲ. ಕೈ ಅಳತೆ, ಮೂಗಿನ ಅಂದಾಜು ಅಷ್ಟೇ. ಭಾವನಾಳ ಅಮ್ಮ ಕೌಸಲ್ಯಾ ಮಾಡುವುದೂ ಹಾಗೆಯೇ, ಒಮ್ಮೊಮ್ಮೆ ತಪ್ಪುವುದೂ ಹಾಗೆಯೇ. ದೇವರಿಗೆ ಆದ ಮೇಲೆ ಅದಕ್ಕೆ ಹೆಸರಿಡುವಂತಿಲ್ಲ ಎನ್ನುವುದನ್ನು ಆ ಮನೆಯ ಮಕ್ಕಳು ಮಾತು ಬರುವ ಮೊದಲೇ ಕಲಿಯುತ್ತಾರೆ. ಜಲಜಾ ತುಪ್ಪ ತರಲು ಆ ಕಡೆ ತಿರುಗಿದಾಗ ಭಾವನಾ ಎಲೆ ತುದಿಯ ಉಪ್ಪನ್ನು ಬೆರಳಲ್ಲಿ ಎಳೆದು ಹುಳಿಗೆ ಕಲಸಿಕೊಂಡಳು. ಎರಡನೇ ಸಲ ಬಡಿಸಿಕೊಂಡಾಗ ಉಳಿದದ್ದನ್ನೂ ಎಳೆದುಕೊಂಡಳು.

“ಹುಳಿ ಹೇಗಾಗಿದೆ?”

“ತುಂಬಾ ಚೆನ್ನಾಗಿದೆ ಮಾಮಿ. ನಮ್ಮಮ್ಮನ ಕೈ ಹುಳಿ ಥರಾನೇ ಇದೆ.”

ಜಲಜಾ ಎಲೆಯ ಕಡೆ ನೋಡಿದರು. ಸೌಟು ಹಿಡಿದ ಕೈ ಹಾಗೇ ನಿಂತಿತು.

“ಉಪ್ಪು ಹಾಕೋದು ಮರ್ತಿದೀನಿ, ಅಲ್ವಾ?”

ಭಾವನಾ ಹೌಹಾರಿದಳು. ಆಕೆ ಇನ್ನೂ ಊಟಕ್ಕೆ ಕೂತಿರಲಿಲ್ಲ. ಒಂದು ಹನಿಯೂ ನಾಲಿಗೆಗೆ ತಾಗಿಸಿಕೊಂಡಿರಲಿಲ್ಲ.

“ಇಷ್ಟು ಉಪ್ಪು ಬಡಿಸಿದ್ದೆ, ಒಂದು ಹರಳಿಲ್ಲ. ಬರೀ ಉಪ್ಪು ಯಾರಾದ್ರೂ ತಿಂತಾರಾ? ನೀನು ಚೆನ್ನಾಗಿದೆ ಅಂದೆ, ನಿನ್ನ ಎಲೆ ಇಲ್ಲ ಅಂತು.” ಆಕೆಯ ದನಿಯಲ್ಲಿ ಕೋಪವಿರಲಿಲ್ಲ. “ನಲವತ್ತು ವರ್ಷದಿಂದ ರುಚಿ ನೋಡ್ದೆ ಅಡುಗೆ ಮಾಡ್ತಿದೀನಿ. ಉಂಡೋರ ಬಾಯಿ ನಂಬ್ಕೊಂಡಿದ್ರೆ ಇವತ್ತಿಗೂ ನನಗೆ ಸಾರು ಮಾಡಕ್ಕೆ ಬರ್ತಿರ್ಲಿಲ್ಲ.”

ನಾಚಿಕೆಯಿಂದ ಭಾವನಾಳ ಕಿವಿಯ ತುದಿ ಬಿಸಿಯಾಯಿತು. ಉಂಡು ನೋಡಿದವಳು ತಾನು, ಸುಳ್ಳು ಹೇಳಿದವಳೂ ತಾನು. ಮುಟ್ಟಿಯೂ ನೋಡದ ಈ ಹೆಂಗಸು ನಿಜ ಹೇಳಿದ್ದರು. ಹನ್ನೊಂದು ತಿಂಗಳು ಓದುಗರಿಗೆ ಕೊಟ್ಟ ಮಾತಿನ ಅರ್ಥವೇ ಅವಳ ಕೈಯಿಂದ ಜಾರಿಹೋಯಿತು.

ಹೊರಡುವಾಗ ಕ್ಯಾಮೆರಾ ತೆಗೆದಳು. ಜಲಜಾ ಸೆರಗು ಅಡ್ಡ ಹಿಡಿದರು. “ಫೋಟೋ ಬೇಡಮ್ಮಾ. ಅಡುಗೆಯವಳು ಎದುರಿಗೆ ಬಂದು ನಿಂತ್ರೆ ಎಲೇಲಿ ಯಾರೂ ಏನೂ ಬಿಡೋದಿಲ್ಲ. ನಾನು ನೋಡ್ತೀನಿ ಅಂತ ಈ ಹುಡುಗರಿಗೆ ಗೊತ್ತಾದ್ರೆ ಮುಗೀತು.”

ಶುಕ್ರವಾರ ಬೆಳಿಗ್ಗೆ ಭಾವನಾ ಅನಿಕೇತ್‌ಗೆ ಫೋನ್ ಮಾಡಿದಳು. ನಿಜವಾಗಿ ಅವಳಿಗೆ ಬೇಕಾಗಿದ್ದದ್ದು ಅವನೂ ಆಡಿಲ್ಲ ಎಂಬ ಒಂದು ಮಾತು; ಆಗ ತೀರ್ಮಾನ ಸುಲಭವಾಗುತ್ತಿತ್ತು. ಅವನು ಆಡಿದ್ದ. ಕೊನೆಯ ತನಕ, ಎರಡು ಸಲ. ಕೊನೆಯ ಹಂತದ ಕೋಟೆಯಲ್ಲಿ ಎಷ್ಟು ಬಾಗಿಲಿದೆ ಎಂದು ಕೂಡ ಹೇಳಿದ.

“ಮೂರನೇ ಹಂತ?” ಎಂದಳು.

“ಬೋರ್ ಇದೆ. ನಿಜ ಹೇಳ್ಬೇಕಂದ್ರೆ ಅಲ್ಲಿಂದಾಚೆ ಪೂರ್ತಿ ಬೋರ್. ಆದ್ರೆ ಆ ಕಂಪನಿಯೋರು ಎಷ್ಟು ಒಳ್ಳೆಯೋರು ಗೊತ್ತಾ? ಡಬ್ಬಿ ಕಳಿಸಿ, ಹಬ್ಬಕ್ಕೆ ಸ್ವೀಟು ಕಳಿಸಿ, ನಮ್ಮಮ್ಮನ ಕಾಲುನೋವು ಹೇಗಿದೆ ಅಂತ ವಿಚಾರಿಸ್ತಾರೆ. ಅಂಥೋರಿಗೆ ಹೇಗೆ ನಾಲ್ಕು ಕೊಡ್ಲಿ, ಹೇಳಿ?”

ಬೈಯಬೇಕೆಂದು ಬಾಯಿ ತೆರೆದ ಭಾವನಾಗೆ ಎಲೆ ತುದಿಯ ಉಪ್ಪು ನೆನಪಾಗಿ ಬಾಯಿ ಮುಚ್ಚಿತು. ಅವನೂ ಒಂದು ರೀತಿಯಲ್ಲಿ ಆ ಕಂಪನಿಯವರ ಮನೆಯಲ್ಲಿ ಉಂಡಿದ್ದ, ಅಷ್ಟೇ. ಅವನ ಮೇಲೆ ಸಿಟ್ಟು ಬರಲಿಲ್ಲ. ತನ್ನ ಮೇಲೆ ಬಂತು.

ಸಾಯಂಕಾಲ ವಿಷ್ಣುಮೂರ್ತಿಯವರ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರ ಕೈಯಲ್ಲಿದ್ದ ಕಾಫಿ ಲೋಟ ಮೇಜಿನ ಮೇಲೆ ಕೂರಲು ಜಾಗ ಹುಡುಕಿತು.

“ಆಡೇ ಇಲ್ಲವಾ? ಒಂದೂ? ಏನ್ ಗ್ರಹಚಾರ ಇದು! ಅವಳನ್ನ ತೆಗೆದು ಅನಿಕೇತ್‌ನ ಹಾಕು. ನೀನು ಕೊಟ್ಟ ಮಾತಿಗೆ ಅವನು ಸರಿಯಾಗ್ತಾನೆ.”

“ಮಾತಿಗೆ ಸರಿಯಾಗ್ತಾನೆ ಸಾರ್. ಆದ್ರೆ ಅಂಬತ್ತೂರಿನ ಆ ಹುಡುಗಿ ಇನ್ನೊಂದು ಸಲ ಅಪ್ಪನ ಮುಂದೆ ನಟಿಸಬೇಕಾಗತ್ತೆ.”

“ಬೈಗುಳ ಬಂದ್ರೆ?”

“ನನ್ನ ಹೆಸರಿಗೇ ಬರಲಿ. ಪುಟ ಹೋದ್ರೂ ಹೋಗ್ಲಿ.”

ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು, ಬೇಡ ಎನ್ನಲಿಲ್ಲ. ಅಚ್ಚಿಗೆ ಹೋದ ಪುಟದಲ್ಲಿ ಜೆ. ರಾವ್ ವಿಮರ್ಶೆ ಇತ್ತು, ನಾಲ್ಕು ಅಂಕ ಇತ್ತು, ಫೋಟೋ ಇರಲಿಲ್ಲ. ಹಳೆಯ ಮಾತಿನ ಜಾಗದಲ್ಲಿ ಭಾವನಾ ಹೀಗೆ ಬರೆದಿದ್ದಳು: “ನಾನು ನಿಮಗೆ ಕೊಟ್ಟ ಮಾತು ಸುಳ್ಳಾಗಿತ್ತು. ಜೆ. ರಾವ್ ಇಲ್ಲಿಯವರೆಗೆ ಒಂದು ಆಟವನ್ನೂ ಆಡಿಲ್ಲ. ಆಡುವವರ ಬೆನ್ನ ಹಿಂದೆ ಕೂತು, ಅವರು ಯಾವಾಗ ಎದ್ದುಹೋಗುತ್ತಾರೆ ಎಂದು ನೋಡಿ ಬರೆಯುತ್ತಾರೆ. ಇದು ಗೊತ್ತಾದ ಮೇಲೂ ನಾನು ನಂಬುವುದು ಅವರನ್ನೇ. ನೀವು ನಂಬಬೇಕೆಂದು ಕೇಳುವ ಹಕ್ಕು ನನಗಿಲ್ಲ.”

ಬೈಗುಳ ಚೀಲಗಟ್ಟಲೆ ಬಂತು. ಮೋಸ ಎಂದರು, ಪತ್ರಿಕೆ ಸುಡುತ್ತೇವೆ ಎಂದರು. ಅವುಗಳ ನಡುವೆ ಅಂಬತ್ತೂರಿನಿಂದ ಒಂದು ಕಾರ್ಡು. “ಮೊದಲ ಸಲ ನಿಜ ಹೇಳಿದ್ದೀರಿ. ಐರನ್ ಲಗೂನ್ ಕೊಳ್ಳಲಿಲ್ಲ. ಮಗಳನ್ನು ಕೇಳಿದೆ, ಅವಳಿಗೂ ಬೇಡವಂತೆ. ನಿಜವಾಗಿ ಬೇಡವಂತೆ. ಮಹದೇವ.” ವಿಷ್ಣುಮೂರ್ತಿ ಆ ಕಾರ್ಡನ್ನು ಎರಡು ಸಲ ಓದಿ, ಪುಟ ಇರಲಿ ಎಂದರು. ಭಾವನಾ ಅಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಬೋಂಡಾ ಕೊಡಿಸಿದಳು.

ಮರುದಿನ ಅವಳು ಕಳಿಸಿದ್ದ ಹೊಸ ಸಿ.ಡಿ. ಪುರಸೈವಾಕ್ಕಂನಿಂದ ವಾಪಸು ಬಂತು. ಲಕೋಟೆಯನ್ನೇ ಒಡೆದಿರಲಿಲ್ಲ.

ಭಾವನಾ ಇದ್ದ ಕೆಲಸ ಬಿಟ್ಟು ಓಡಿದಳು. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಾಗಲೇ ಏನೋ ಬದಲಾಗಿದೆ ಎನಿಸಿತು. ಗುಂಡಿನ ಸದ್ದು ಇತ್ತು, ಏಳು ಬೆನ್ನುಗಳೂ ಇದ್ದವು. ಆದರೆ ಎರಡು ನಿಮಿಷಕ್ಕೊಮ್ಮೆ ಒಬ್ಬನಲ್ಲ ಒಬ್ಬ ತಿರುಗಿ ಜಲಜಾರ ಮುಖ ನೋಡುತ್ತಿದ್ದ. ಒಬ್ಬನಂತೂ ಹಲ್ಲು ಕಿರಿದು, “ಗೇಮ್ ಸೂಪರ್ ಆಂಟಿ, ಒಂಬತ್ತು ಕೊಡಿ,” ಎಂದು ಕೂಗಿದ. ಸೆಂಟರಿನ ಗೋಡೆಯ ಮೇಲಿನ ಕರೆಂಟ್ ಬಿಲ್ಲಿನಲ್ಲಿ ಜಲಜಾ ರಾವ್ ಎಂದು ಹೆಸರು ತೂಗುತ್ತಿತ್ತು. ಫೋಟೋ ಹಾಕದಿದ್ದರೆ ಸಾಕು ಎಂದುಕೊಂಡಿದ್ದ ಭಾವನಾಗೆ ಅದು ಈಗ ಕಣ್ಣಿಗೆ ಬಿತ್ತು. ಪುಟ ಓದಿದ ಹುಡುಗರು ಆ ಹೆಸರನ್ನು ಜೆ. ರಾವ್ ಜೊತೆ ಕೂಡಿಸಿ ನೋಡಿದ್ದರು; ತಾನು ಮಾಡಿದ್ದೇನು ಎಂದು ಅವಳಿಗೆ ಆಗ ತಿಳಿಯಿತು. ಮದ್ರಾಸಿಗೆಲ್ಲ ಇದ್ದ ಒಬ್ಬಳೇ ಒಬ್ಬ ನಂಬುವಂಥ ವಿಮರ್ಶಕಿ. ನಿಜ ಹೇಳಿ ತನ್ನ ಮಾತು ಉಳಿಸಿಕೊಳ್ಳಲು ಹೋಗಿ ಆಕೆಯನ್ನೇ ಮುಗಿಸಿಬಿಟ್ಟಿದ್ದಳು.

“ಮಾಮಿ, ನನ್ನಿಂದ ತಪ್ಪಾಯ್ತು.”

“ಅಯ್ಯೋ, ಏನಿಲ್ಲಮ್ಮಾ. ನೀನು ಮಾಡಿದ್ದು ಸರೀನೇ. ನಿಜ ಹೇಳ್ಬೇಕು. ನನಗೇನೂ ಬೇಜಾರಿಲ್ಲ, ಸಂತೋಷಾನೇ.” ಜಲಜಾ ನಗುನಗುತ್ತಲೇ ಹೇಳಿದರು.

ಭಾವನಾ ಆ ನಗುವನ್ನು ಬಿಟ್ಟು ಸುತ್ತ ನೋಡಿದಳು. ಹುಡುಗರ ಬೆನ್ನಿನ ಕಡೆ ಮುಖ ಮಾಡಿದ್ದ ಕುರ್ಚಿ ಈಗ ಕಿಟಕಿಯ ಕಡೆ, ಬೀದಿಯ ಕಡೆ ತಿರುಗಿತ್ತು. ರಿಜಿಸ್ಟರಿನಲ್ಲಿ ಬಂದ ಹೊತ್ತು, ಹೋದ ಹೊತ್ತು ಬಿಟ್ಟರೆ ಅಂಚು ಖಾಲಿ. ನೀಲಿ ಶಾಯಿಯ ಒಂದು ಅಕ್ಷರವಿಲ್ಲ.

“ಇಲ್ಲ ಮಾಮಿ. ತುಂಬಾ ಬೇಜಾರಾಗಿದೆ ನಿಮಗೆ.”

ಜಲಜಾ ತಟ್ಟನೆ ಅವಳತ್ತ ತಿರುಗಿದರು. ಕುರ್ಚಿಯನ್ನು ನೋಡಿದರು, ಭಾವನಾಳನ್ನು ನೋಡಿದರು. ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ನಿಜವಾದ ನಗುವೂ ಬಂತು. “ಅಡಿ ಕಳ್ಳೀ. ಕಲ್ತುಬಿಟ್ಯಲ್ಲೇ.”

ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಹೇಳಿದರು, “ಪೆರುಂಗುಡೀಲಿ ನನ್ನ ತಂಗಿ ಮಗ ಇನ್ನೊಂದು ಸೆಂಟರ್ ಹಾಕಿದಾನೆ. ಅಲ್ಲಿ ಯಾರಿಗೂ ನಿನ್ನ ಮುಖ ಗೊತ್ತಿಲ್ಲ. ಶನಿವಾರ, ಭಾನುವಾರ ಬಾಗಿಲಲ್ಲಿ ಕೂತ್ಕೋ, ನಾನು ಹೇಳ್ತೀನಿ ಅವನಿಗೆ. ಆದ್ರೆ ಒಂದು ಮಾತು, ನೀನು ಅಲ್ಲಿ ಆಡಕೂಡದು. ಯಾರನ್ನೂ ಹೇಗಿತ್ತು ಅಂತ ಕೇಳಕೂಡದು. ಸೆರಿಯಾ?”

ಶನಿವಾರ ಭಾವನಾ ಪೆರುಂಗುಡಿಯ ಆ ಸೆಂಟರಿನಲ್ಲಿ, ಬಾಗಿಲ ಪಕ್ಕದ ಮೇಜಿನ ಮುಂದೆ ಕೂತಳು. ನೂಲಿನ ಸೀರೆ ಉಟ್ಟು, ಕೂದಲು ಗಂಟು ಕಟ್ಟಿ, ಜಲಜಾ ಕೊಟ್ಟಿದ್ದ ನೀಲಿ ಶಾಯಿಯ ಪೆನ್ನು ಹಿಡಿದಿದ್ದಳು. ಮೊದಲ ಹುಡುಗ ಒಳಗೆ ಬಂದು ಅವಳ ಮುಖವನ್ನೂ ಸರಿಯಾಗಿ ನೋಡದೆ ಹೇಳಿದ, “ಆಂಟಿ, ಒಂದು ಮಷೀನ್ ಕೊಡಿ.”

ಇಪ್ಪತ್ತಾರು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಆ ಏಟನ್ನು ನುಂಗಿಕೊಂಡಳು. ಆಮೇಲೆ ರಿಜಿಸ್ಟರ್ ತೆರೆದು, ಅವನು ಕೂತ ಹೊತ್ತನ್ನು ಬರೆದುಕೊಂಡಳು.